ಗಿರಣಿ ಆಯಿ ಹೊತ್ತ ಗುರ್ಜಿ

ಗಿರಣಿ ಆಯಿಯ ಹುಬ್ಬು ಹುಟ್ಟಿನಿಂದಲೇ ಬಿಳಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಜೋಳದ ಹಿಟ್ಟು. ರೆಪ್ಪೆಯ ಮೇಲೂ ಕೂತಿರುತ್ತಿತ್ತು, ಆಕೆ ಒರೆಸುತ್ತಿರಲಿಲ್ಲ. ಆ ಹಿಟ್ಟಿನೊಳಗಿಂದಲೇ ಮಂದಿಯನ್ನು ಹುಳ ಬಿದ್ದ ಕಾಳು ನೋಡಿದಂತೆ ನೋಡುತ್ತಿದ್ದಳು.

ರಂಗಂಪೇಟೆಯಿಂದ ಶಹಾಪುರ ಕಡೆಯ ಈ ಊರಿಗೆ ಸೊಸೆಯಾಗಿ ಬಂದ ನನಗೆ ಪಕ್ಕದ ಮನೆಯೇ ಆಕೆಯ ಗಿರಣಿ. ಗಂಡ ತೀರಿದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಕಾಲುವೆ ಬಂದದ್ದೇ ತಡ, ಜೋಳ ಬಿಟ್ಟು ಭತ್ತ ಹಚ್ಚಿದವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. "ಮಹಾರಾಷ್ಟ್ರದ ಗುಡ್ಡದಾಗ ಮಳಿ ಆದ್ರ ಇವ್ರ ತಾಟಿನ್ಯಾಗ ಅನ್ನ. ಯಾರದೋ ಮಳಿ ನಂಬಿ ಮೀಸಿ ತಿರುವ್ತಾವ, ನೋಡು," ಎನ್ನುತ್ತಿದ್ದಳು.

ಒಂದು ವರ್ಷ ಆ ಗುಡ್ಡಗಳಲ್ಲೂ ಮಳೆ ಕೈಕೊಟ್ಟಿತು, ಇಲ್ಲಿಯೂ. ಕಾಲುವೆಗೆ ನೀರು ಕೊಡುವ ಡ್ಯಾಮು ತುಂಬಲಿಲ್ಲ. ಕುಡಿಯುವುದಕ್ಕೆ ಮಾತ್ರ ಎಂದು ಕಾಲುವೆಗೆ ನೀರು ಬಿಟ್ಟರು. ಕಾಲುವೆಯ ಕೊನೆಯಲ್ಲಿರುವ ನಮ್ಮೂರ ಕೆರೆಗೆ ಅದು ಬರಲೇ ಇಲ್ಲ. ಮೇಲ್ಗಡೆ ನಮ್ಮ ಗೌಡರದೇ ಪೈಪು ಕಾಲುವೆಗೆ ಇಳಿದು, ಮೋಟಾರು ಅವರ ಭತ್ತಕ್ಕೆ ನೀರೆತ್ತುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಮ್ಮ ಗಂಡಸರು ಕಟ್ಟೆಯ ಮೇಲೆ ಕೂತು ಸರಕಾರವನ್ನು ಬೈದರು, ದೇವರನ್ನು ಬೈದರು, ಗೌಡರು ಬಂದಾಗ ಎದ್ದು ನಿಂತು ಕೈ ಮುಗಿದರು. ಥೂ, ಇವರೂ ಒಂದು ಗಂಡಸರೇ!

ಮಳೆ ತರಿಸಲು ಆ ಗೌಡರೇ ಮುಂದೆ ನಿಂತು ಗುರ್ಜಿ ಹೊರಡಿಸಿದರು. ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವತೆ ಗುರ್ಜಿಯನ್ನು ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯವರು ಅದಕ್ಕೆ ನೀರು ಹಾಕಬೇಕು. ಬಾಗಿಲಿಗೆ ಬಂದ ಗುರ್ಜಿಗೆ ಇಲ್ಲ ಎನ್ನುವಂತಿಲ್ಲ. ಕೊಡದ ತಳ ಕಾಣುತ್ತಿದ್ದರೂ ಹೆಂಗಸರು ಸುರಿದರು.

ಗಿರಣಿಯ ಮುಂದೆ ಗೌಡರು, "ಆಯಿ, ಒಂದು ಚರಿಗಿ ನೀರ ಹಾಕು," ಎಂದರು.

"ನೀರಿದ್ದೋರ ಮನಿ ಬಿಟ್ಟು ನನ್ನ ಮನಿಗಿ ಬಂದೀರಲ್ರೀ ಗೌಡ್ರ!" ಎಂದವಳೇ ಆಯಿ ಹಂಚನ್ನು ಕಸಿದು ತನ್ನ ತಲೆಗೇರಿಸಿಕೊಂಡಳು. "ಬರ್ರೆವ್ವಾ, ನೀರಿದ್ದಲ್ಲಿ ಹೋಗೂನು."

ಕಾಲುವೆ ದಂಡೆ ಹಿಡಿದು ನಡೆದಳು. ಹಿಂದೆ ನಾವು ಹೆಂಗಸರು. ಗೌಡರು ಬೈಕಿನಲ್ಲಿ ನಮಗಿಂತ ಮುಂಚೆ ಹೋಗಿ ಗದ್ದೆಯ ಬದುವಿನ ಮೇಲೆ ನಿಂತಿದ್ದರು.

"ನಿಮ್ಮ ಹೊಲಕ್ಕ ಗುರ್ಜಿ ಬಂದದ್ರಿ. ನೀರ ಹಾಕ್ರಿ."

ಗೌಡರು ಹಲ್ಲು ಕಚ್ಚಿಕೊಂಡು ಒಂದು ಚರಿಗೆ ಸುರಿದರು.

"ಇಷ್ಟ? ಊರ ಕೆರಿ ತುಂಬೂತನಾ ಹಾಕ್ರಿ. ಅಲ್ಲೀತನಾ ನಾ ಇದನ್ನ ಇಳಸೂದಿಲ್ಲ."

ಬಂದ ಗುರ್ಜಿಯನ್ನು ಓಡಿಸಿದರೆ ಕೇಡು ಎಂಬ ಹೆದರಿಕೆ ಗೌಡರಿಗೂ ಇತ್ತು. ಆಯಿ ಬಿಸಿಲಿನಲ್ಲಿ ನಿಂತೇ ಇದ್ದಳು, ಸಗಣಿ ನೀರು ಕುತ್ತಿಗೆಗೆ ಇಳಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಮೋಟಾರು ನಿಂತಿತು, ಪೈಪು ಮೇಲೆ ಬಂತು. ನೀರು ಕೆರೆಯ ಕಡೆ ಹರಿದ ಮೇಲೆಯೇ ಆಯಿ ಹಂಚು ಇಳಿಸಿದಳು. ಆ ಬೇಸಿಗೆ ಊರು ಕೆರೆಯ ನೀರು ಕುಡಿಯಿತು.

ಮಳೆ ಮಾತ್ರ ಬರಲಿಲ್ಲ. ಗಂಡ ಸತ್ತವಳು ಹೊತ್ತದ್ದಕ್ಕೇ ಗುರ್ಜಿ ಮುನಿದಳು ಎಂದರು ಗೌಡರು. ನಮ್ಮ ಶೂರರು ಆಕೆ ತಂದ ನೀರನ್ನು ಕುಡಿಯುತ್ತಲೇ ಹೌದ್ಹೌದು ಎಂದರು, ಜೋಳ ಬೀಸಲು ಪಕ್ಕದೂರಿಗೆ ಹೋದರು.

"ನೀರ ಕುಡ್ಯಾಕ ನಾಚಿಕಿಲ್ಲ, ಹಿಟ್ಟಿಗಿ ಮಾತ್ರ ಮಡಿ," ಎಂದು ನಕ್ಕಳು ಆಯಿ. ಆದರೆ ಗಿರಣಿ ನಿಂತಿತು. ಮುಂದಿನ ಚಳಿಗಾಲ ಆಕೆಯೂ ಹೋದಳು. ಹೊರಲು ನಾಲ್ಕು ಹೆಗಲು ಸಿಗುವುದಕ್ಕೆ ನಾನು ಮನೆಮನೆ ಬಾಗಿಲು ಬಡಿಯಬೇಕಾಯಿತು. ಅದನ್ನು ಈ ಊರಿಗೆ ನಾನು ಕ್ಷಮಿಸಿಲ್ಲ.

ಈ ವರ್ಷ ಮತ್ತೆ ಕೆರೆ ಒಣಗಿದೆ, ಪೈಪು ಮತ್ತೆ ಕಾಲುವೆಯಲ್ಲಿದೆ. ಮೊನ್ನೆ ಗೌಡರ ಮಗ ಗುರ್ಜಿ ಹೊರಡಿಸಿದ. ನಮ್ಮ ಬಾಗಿಲಿಗೆ ಬಂದಾಗ ಹಂಚನ್ನು ನಾನು ನನ್ನ ತಲೆಗೇರಿಸಿಕೊಂಡೆ.

"ಗಂಡ ಇದ್ದಾಕಿ ಹೊತ್ತಾಳ್ರೀ," ಎಂದೆ. "ಈಗೇನಂತೀರಿ?"