ಗಡಿಯಾಚೆಯ ಹಳ್ಳಿಯಲ್ಲಿ ತುಂಬಿದ ಉಡಿ

ಬಾಗಲಕೋಟೆಯಿಂದ ಜರ್ಮನಿಗೆ ಬರುವಾಗ ಅವ್ವ ಸೂಟ್‌ಕೇಸಿನಲ್ಲಿ ತನ್ನ ಸ್ವೆಟರಿಗೂ ಜಾಗವಿಲ್ಲದಂತೆ ಗುಳೇದಗುಡ್ಡದ ರವಿಕೆ ಖಣಗಳನ್ನು ತುರುಕಿಕೊಂಡು ಬಂದಿದ್ದಳು. ಜೊತೆಗೆ ಉತ್ತತ್ತಿ, ಅರಿಷಿಣ ಕೊಂಬು, ಒಣಕೊಬ್ಬರಿ ಬಟ್ಟಲು. “ಯಾರಿಗೆ ಬೇ ಇಷ್ಟು?” ಎಂದು ಕೇಳಿದರೆ “ಹೆಣ್ಣಮಕ್ಕಳಿಲ್ಲದ ದೇಶ ಐತೇನ ಅದು?” ಎಂದು ನನ್ನ ಬಾಯಿ ಮುಚ್ಚಿಸಿದಳು. ನಾನು ಸ್ಟುಟ್‌ಗಾರ್ಟಿನ ಕಾರು ಕಂಪನಿಯೊಂದರಲ್ಲಿ ಗೇರ್‌ಬಾಕ್ಸ್ ಪರೀಕ್ಷಿಸುವ ಎಂಜಿನಿಯರ್. ಹಗಲಿಡೀ ಫ್ಲಾಟಿನಲ್ಲಿ ಒಬ್ಬಳೇ ಕೂತು ಅವ್ವನಿಗೆ ತಲೆಕೆಟ್ಟಿತ್ತು. ನನ್ನ ಗಂಡ ಕಂಪನಿ ಕೆಲಸಕ್ಕೆಂದು ಬೇರೆ ಊರಿಗೆ ಹೋದ ವಾರ ನಾನು ರಜೆ ಹಾಕಿದೆ. ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು, ಗಡಿ ದಾಟಿ, ಫ್ರಾನ್ಸಿನ ಒಂದು ಸಣ್ಣ ಹಳ್ಳಿಗೆ ಹೊರಟೆ. ಅದರ ಸುತ್ತಲಿನ ಗುಡ್ಡಗಳ ಮೇಲೆ ಹಳೆಯ ಕೋಟೆಗಳಿವೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು.

ಹಳ್ಳಿ ಅಂದರೆ ಹಳ್ಳಿಯೇ ಅದು. ಒಂದು ಬೀದಿ, ಒಂದು ಚರ್ಚು, ಮುಂಜಾನೆ ಮಾತ್ರ ತೆರೆಯುವ ಬ್ರೆಡ್ಡಿನ ಅಂಗಡಿ. ಲಾಡ್ಜು ಗೀಡ್ಜು ಏನೂ ಇಲ್ಲ. ವಯಸ್ಸಾದ ಹೆಂಗಸೊಬ್ಬಳು ತನ್ನ ಮನೆಯ ಮಹಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಜರ್ಮನಿಯಲ್ಲಿ ಇಂಥದನ್ನು ಫೆರೀನ್‌ವೋನುಂಗ್ ಅನ್ನುತ್ತಾರೆ. ಆ ಕಡೆಯ ಹಿರಿಯರು ಆಡುವ ಮಾತು ಫ್ರೆಂಚಿಗಿಂತ ಜರ್ಮನ್ನಿಗೆ ಹತ್ತಿರ, ಹಾಗಾಗಿ ನನಗೂ ಆಕೆಗೂ ಮಾತು ಹೊಂದಿಕೊಂಡಿತು. ನಾವು ಮೊಟ್ಟೆ, ಮಾಂಸ ಮುಟ್ಟುವುದಿಲ್ಲ ಎಂದು ಬುಕ್ ಮಾಡುವಾಗಲೇ ತಿಳಿಸಿದ್ದೆ. ಸಂಜೆ ಆಕೆ ಮೊಟ್ಟೆ ಹಾಕದೆ ಪ್ಲಮ್ ಹಣ್ಣಿನ ಟಾರ್ಟ್ ಬೇಯಿಸಿ, ನಾವು ಕೇಳದೆಯೇ ಮೆಟ್ಟಿಲು ಹತ್ತಿ ತಂದುಕೊಟ್ಟಳು.

ಅವ್ವ ಅಲ್ಲಿಗೇ ಸೋತುಹೋದಳು. “ಎಂಥಾ ಹೆಣ್ಣಮಗಳು ನೋಡ! ಹೋಗೂ ಮುಂದ ಈಕಿ ಉಡಿ ತುಂಬೇ ಹೋಗಬೇಕು.”

“ಉಡಿ ತುಂಬೋರು ಮನಿಯವರು ಬೇ, ಬಂದವರಲ್ಲ.”

“ತವರಮನಿಯವರು ಮಗಳ ಮನಿಗೆ ಹೋದ್ರ ತುಂಬಂಗಿಲ್ಲೇನು? ನಾವು ತವರಿನವರು ಅಂತ ತಿಳಕೋ. ನೀ ತುಂಬು, ನಾ ದೂರ ನಿಂತು ಹೇಳಿಕೊಡತೀನಿ.”

ದೂರ ನಿಲ್ಲುವುದು ಅವಳಿಗೆ ರೂಢಿಯಾಗಿತ್ತು. ಅಪ್ಪ ತೀರಿಹೋದ ಮೇಲೆ ಅವ್ವ ಯಾರ ಉಡಿಯನ್ನೂ ತುಂಬಿದವಳಲ್ಲ, ಅವಳ ಉಡಿ ತುಂಬಿದವರೂ ಇಲ್ಲ. ಬಸುರಿ ತಂಗಿಯ ಕುಬಸದ ದಿನ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಆರತಿ ಎತ್ತುತ್ತಿದ್ದರೆ ಹೆತ್ತ ತಾಯಿ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಮನೆಯೊಡತಿಯೇ ನಮ್ಮನ್ನು ಕೋಟೆಗೆ ಕರೆದುಕೊಂಡು ಹೋದಳು. ಕಾಡಿನೊಳಗೆ ಏರುದಾರಿ. ಇಳಕಲ್ ಸೀರೆಯ ಕೆಳಗೆ ನನ್ನ ಹಳೆಯ ಬೂಟು ಹಾಕಿಕೊಂಡು ಅವ್ವ ಏದುಸಿರು ಬಿಡುತ್ತ ಹತ್ತಿದಳು. ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ತುದಿಯಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಮೆಟ್ಟಿಲು, ಬಂಡೆಯ ಹೊಟ್ಟೆಯಲ್ಲೇ ಕೋಣೆ, ಮೇಲೆ ಅರ್ಧ ಬಿದ್ದ ಗೋಡೆ. ಎಲ್ಲವೂ ಕೆಂಪು. ಅವ್ವ ಗೋಡೆಯನ್ನು ಉಗುರಿನಿಂದ ಕೆರೆದು, ಉದುರಿದ ಮರಳನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ನಮ್ಮ ಬಾದಾಮಿ ಕಲ್ಲ ಐತಲ್ಲ!” ಎಂದಳು. ಫ್ರಾನ್ಸಿನವರು ರಾತ್ರೋರಾತ್ರಿ ಹೊತ್ತು ತಂದಿದ್ದಾರೇನೋ ಅನ್ನುವ ಹಾಗಿತ್ತು ಅವಳ ದನಿ. ಎದುರಿನ ಗುಡ್ಡದ ಮೇಲೆ ಇನ್ನೊಂದು ಕೋಟೆ ಕಾಣುತ್ತಿತ್ತು, ಅದರಾಚೆ ಕಾಡು, ಕಾಡಿನಾಚೆ ಜರ್ಮನಿ. ಇಷ್ಟು ಹತ್ತಿರ ಹತ್ತಿರ ಕೋಟೆ ಕಟ್ಟಿಕೊಂಡು ಯಾರಿಗೆ ಅಂಜುತ್ತಿದ್ದರು ಎಂದು ಅವ್ವ ಕೇಳಿಸಿದಳು. “ಒಬ್ಬರಿಗೊಬ್ಬರು,” ಎಂದಳು ಮನೆಯೊಡತಿ. ಅವ್ವ ನಕ್ಕು, “ನಮ್ಮ ಓಣಿಯಾಗೂ ಹಂಗ,” ಎಂದಳು.

ಶನಿವಾರ ಊರಿನವರೇ ಸೇರಿ ಕೋಟೆಯ ಮುಳ್ಳುಕಂಟಿ ಕಡಿಯುತ್ತಾರಂತೆ, ಸಡಿಲಾದ ಕಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರಂತೆ. ಮನೆಯೊಡತಿ ಮೊಣಕಾಲೆತ್ತರದ ಗೋಡೆಯೊಂದನ್ನು ತೋರಿಸಿ, “ಇಲ್ಲಿಯವರೆಗೆ ನನ್ನ ಗಂಡ ಕಟ್ಟಿದ್ದು. ಅವನು ತೀರಿಕೊಂಡ ಮೇಲೆ ಉಳಿದದ್ದನ್ನು ನಾನು ಕಟ್ಟುತ್ತಿದ್ದೇನೆ,” ಎಂದಳು. ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಅವ್ವನ ಮುಖ ಇಳಿಯಿತು.

“ಮತ್ತ ಆಕಿ ಮನಿ ಬಾಗಿಲಾಗ ಗಂಡಸರ ಬೂಟ ಅದಾವಲ್ಲ?”

ಅದನ್ನೂ ಕೇಳಿದೆ. ಕೋಟೆಯ ಕೆಲಸಕ್ಕೆ ಗಂಡನ ಬೂಟನ್ನೇ ಹಾಕಿಕೊಳ್ಳುತ್ತಾಳಂತೆ. ಎರಡು ಜೊತೆ ಕಾಲುಚೀಲ ಬೇಕಾಗುತ್ತದೆ, ಅಷ್ಟೆ.

ಸಂಜೆ ಅವ್ವ ತೆಗೆದಿಟ್ಟಿದ್ದ ಖಣವನ್ನು ಮತ್ತೆ ಚೀಲಕ್ಕೆ ಸೇರಿಸುತ್ತಿದ್ದಳು. “ಉಡಿ ಬ್ಯಾಡ. ಆಕಿನೂ ನನ್ನಂಗ,” ಎಂದಳು.

ಆ ‘ನನ್ನಂಗ’ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಆಕೆಯೇನು, ಅವ್ವನೇನು, ಯಾರ ತಪ್ಪಿಗೆ ಈ ಶಿಕ್ಷೆ? “ನಾಳೆ ಆಕಿ ಉಡಿನೂ ತುಂಬತೀನಿ, ನಿನ್ನ ಉಡಿನೂ ತುಂಬತೀನಿ. ಯಾರ ಬ್ಯಾಡ ಅಂತಾರ ನೋಡತೀನಿ,” ಎಂದೆ.

“ಹುಚ್ಚೇನ ನಿನಗ? ಮುತ್ತೈದಿ ನೀ. ನಾಳೆ ನಿನಗ ಏನರ ಆತಂದ್ರ?”

ಅವಳು ಅಂಜುತ್ತಿದ್ದದ್ದು ಓಣಿಯವರಿಗಲ್ಲ, ನನಗೆಲ್ಲಿ ಕೆಟ್ಟದಾಗುತ್ತದೋ ಎಂದು. ಅದು ನನಗೆ ತಿಳಿಯಿತು. ಆದರೆ ನನ್ನ ಹಟ ಸಡಿಲಾಗಲಿಲ್ಲ. ಖಣ, ಉತ್ತತ್ತಿ, ಕೊಬ್ಬರಿಯನ್ನೆಲ್ಲ ಎರಡು ಪಾಲು ಮಾಡಿ, ಅವಳ ಕಣ್ಣೆದುರೇ ಮೇಜಿನ ಮೇಲೆ ಇಟ್ಟು ಮಲಗಿದೆ.

ಬೆಳಿಗ್ಗೆ ಹೊರಡುವಾಗ ಅನ್ನಕ್ಕೆಂದು ತಂದಿದ್ದ ಅಕ್ಕಿಯನ್ನು ತಟ್ಟೆಗೆ ಸುರಿದುಕೊಂಡು, ರಾತ್ರಿ ಮಾಡಿಟ್ಟಿದ್ದ ಎರಡೂ ಪಾಲನ್ನು ಅದರ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದೆ. ತವರಿನವರು ಹೆಣ್ಣುಮಗಳಿಗೆ ಹರಸಿ ಕೊಡುವುದು ಇದು, ಏಪ್ರನ್ ಹಿಡಿಯಿರಿ ಎಂದು ಮನೆಯೊಡತಿಗೆ ಹೇಳಿದೆ. ತನಗೆ ತವರಿನವರು ಯಾರೂ ಉಳಿದಿಲ್ಲ ಎಂದಳು ಆಕೆ. ಕೈ ಒರೆಸಿಕೊಂಡು ಏಪ್ರನ್ನಿನ ಎರಡೂ ತುದಿ ಹಿಡಿದಳು. ನಾನು ತುಂಬಿದೆ.

ಅವ್ವ ಕಾರಿನ ಬಳಿ ಸೆರಗನ್ನು ಬಿಗಿಯಾಗಿ ಹೊದ್ದು ನಿಂತಿದ್ದಳು. ತಟ್ಟೆಯನ್ನು ಕಾರಿನ ಮೇಲಿಟ್ಟು, ಎರಡೂ ಕೈ ತುಂಬ ಅಕ್ಕಿ ತೆಗೆದುಕೊಂಡು ಅವಳೆದುರು ಹೋಗಿ ನಿಂತೆ.

“ಸೆರಗ ಹಿಡಿ ಬೇ.”

“ಒಲ್ಲೆ.”

“ಹಿಡಿಯೂತನಕ ಕಾರ ತೆಗಿಯಂಗಿಲ್ಲ.”

“ಇಲ್ಲೇ ಇರತೀನಿ ಬಿಡು.”

“ಇರು. ನಾನೂ ಇರತೀನಿ.”

ಮನೆಯೊಡತಿಗೆ ನಮ್ಮ ಜಗಳ ಅರ್ಥವಾಗದಿದ್ದರೂ, ತುಂಬಿದ ಏಪ್ರನ್ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನನ್ನ ತೋಳು ನೋಯತೊಡಗಿತು. ಬೆರಳ ಸಂದಿಯಿಂದ ಅಕ್ಕಿ ಒಂದೊಂದೇ ಕಾಳು ಉದುರುತ್ತಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು.

“ನೀ ನನ್ನ ಹಡದಾಕಿ,” ಎಂದೆ. ನನಗೆ ಅಳು ಬಂದಿತ್ತು. “ನಿನ್ನ ಉಡಿ ತುಂಬಿದ್ರ ನನಗ ಹೆಂಗ ಕೆಟ್ಟದಾಗತೈತಿ ಹೇಳು.”

ಅವ್ವ ಹೊದ್ದಿದ್ದ ಸೆರಗನ್ನು ಬಿಚ್ಚಿ, ಎರಡೂ ಕೈಯಲ್ಲಿ ಮುಂದೆ ಒಡ್ಡಿದಳು. ನಾನು ಒಂದು ಬಾರಿ ಅಕ್ಕಿ ಹಾಕಿದೆ, ಇನ್ನೊಂದು ಬಾರಿ ಹಾಕಿದೆ, ಮತ್ತೊಂದು ಬಾರಿ ಹಾಕಿದೆ. ಕಣ್ಣು ಮಂಜಾಗಿ ಏನೂ ಕಾಣದೆ ಖಣಕ್ಕೆ ಕೈ ಚಾಚಿದೆ.

“ತಡಿ,” ಎಂದಳು ಅವ್ವ, ಸೆರಗನ್ನು ಇನ್ನಷ್ಟು ಅಗಲ ಮಾಡಿ. “ಐದ ಸಲ ಹಾಕಬೇಕು. ಇನ್ನೂ ಎರಡ ಆಗಬೇಕು.”