ವನಜಮ್ಮ ಬುಟ್ಟಿ ಇಳಿಸಿದ ದಿನ

ಸೊರಬದ ನಮ್ಮ ಬೀದಿಯಲ್ಲಿ ಗುಡಿಗಾರರ ವನಜಮ್ಮನ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. ಭೂಮಿ ತಲೆಕೆಳಗಾದರೂ ವನಜಮ್ಮನ ತಲೆ ಮೇಲಿನ ಬುಟ್ಟಿ ಕೆಳಗಾಗುವುದಿಲ್ಲ ಎನ್ನುವುದು ಒಂದು. ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋದರೂ ಆಕೆ ಊರು ಸುತ್ತಿಯೇ ಹೋಗುತ್ತಾಳೆ ಎನ್ನುವುದು ಇನ್ನೊಂದು. ಎರಡನ್ನೂ ಹಬ್ಬಿಸಿದವಳು ಗೋಡೆಯಾಚೆಯ ಅಫ್ಸರ್ ಬೇಗಂ. ವನಜಮ್ಮ ಕೇಳಿ ನಗುತ್ತಿದ್ದಳೇ ಹೊರತು ಇಲ್ಲವೆನ್ನುತ್ತಿರಲಿಲ್ಲ.

ಆಕೆಯ ಕೆಲಸ ಬಾಸಿಂಗ ಕಟ್ಟುವುದು. ಕೆರೆಯಲ್ಲಿ ಬೆಳೆದ ಬೆಂಡನ್ನು ಒಣಗಿಸಿ, ಉಗುರಿನಷ್ಟು ತೆಳ್ಳಗೆ ಸೀಳಿ, ಮಲ್ಲಿಗೆ ಮೊಗ್ಗೋ ಬೆಂಡಿನ ಮೊಗ್ಗೋ ಎಂದು ಜೇನುಹುಳವೂ ಅನುಮಾನಪಡುವ ಹಾಗೆ ಕೊರೆಯುತ್ತಿದ್ದಳು. ಗಂಡ ಮಾಸ್ತಪ್ಪ ಗಂಧದ ಕೆತ್ತನೆಗೆಂದು ಮೈಸೂರು ಸೇರಿ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಕೆಲಸ ಕಲಿಸಿದ ಅತ್ತೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದಳು: ಬಾಸಿಂಗ ಮನೆ ಬಿಟ್ಟ ಮೇಲೆ ಮದುವೆ ಮನೆಯ ಮಣೆ ಮುಟ್ಟುವವರೆಗೆ ನೆಲ ಮುಟ್ಟಬಾರದು.

ಸುತ್ತುದಾರಿಗೆ ಕಾರಣವೂ ಅದೇ. ಸೊರಬದಿಂದ ಶಿಕಾರಿಪುರಕ್ಕೆ ಶಿರಾಳಕೊಪ್ಪದ ಮೇಲೆ ನೆಟ್ಟಗೆ ಬಸ್ಸಿತ್ತು. ವನಜಮ್ಮ ಮಾತ್ರ ಸಾಗರಕ್ಕೆ ಹೋಗಿ, ಅಲ್ಲಿ ರೈಲು ಹತ್ತಿ, ಆನಂದಪುರದಲ್ಲಿ ಇಳಿದು, ಅಲ್ಲಿಂದ ಮತ್ತೆ ಬಸ್ಸು ಹಿಡಿದು ಶಿಕಾರಿಪುರ ಸೇರುತ್ತಿದ್ದಳು.

"ಎಂತ ಮಾರಾಯ್ತಿ, ಮೂಗು ಮುಟ್ಟಕ್ಕೆ ತಲೆ ಸುತ್ತ ಕೈ ತರ್ತೀಯಲ!" ಎಂದು ಅಫ್ಸರ್ ಬೇಗಂ ಆ ದಿನವೂ ಛೇಡಿಸಿದಳು. ೧೯೫೮ರ ಬೇಸಿಗೆ, ಮದುವೆಗಳ ಕಾಲ.

"ಶಿರಾಳಕೊಪ್ಪದ ಬಸ್ಸಿನ ಕಂಡಕ್ಟರು ಬುಟ್ಟಿ ಟಾಪಿಗೆ ಹಾಕು ಅಂತಾನೆ. ಬಾಸಿಂಗ ಎಂತ ಕುಂಬಳಕಾಯನಾ?" ಎಂದಳು ವನಜಮ್ಮ. "ಸಾಗರದ ಡ್ರೈವರು ಮುಂದಿನ ಸೀಟು ಕೊಡ್ತಾನೆ. ಆನಂದಪುರಕ್ಕೆ ಮದುವೆ ಮನೆಯೋರೇ ಕೊಡೆ ಹಿಡ್ಕಂಡು ಬರ್ತಾರೆ. ನಿನ್ ಮಗಳ ಮದುವೆಗೆ ನಡ್ಕಂಡೇ ಬರ್ತೀನಿ, ಹೆದರ್ಬೇಡ."

ಶಿಕಾರಿಪುರದ ಬೆನಕಪ್ಪನ ಮಗಳು ಬಂಗಾರಮ್ಮನಿಗೆ ಮರುದಿನ ಬೆಳಿಗ್ಗೆ ಮುಹೂರ್ತ. ಗಂಡು ಸೊರಬ ತಾಲೂಕಿನ ಜಡೆ ಊರಿನವನು. ಬೆನಕಪ್ಪನದು ದೊಡ್ಡ ಬಳಗ. ಅಲ್ಲಿ ಕೈಗುಣ ಒಪ್ಪಿಗೆಯಾದರೆ ಶಿಕಾರಿಪುರದ ಮನೆಗಳೆಲ್ಲ ಕರೆಯುತ್ತವೆ. ಕೆಟ್ಟಿತೆಂದರೆ ಮತ್ತೆ ಯಾರೂ ಕರೆಯುವುದಿಲ್ಲ. ಅದು ವನಜಮ್ಮನಿಗೂ ಗೊತ್ತಿತ್ತು.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿನಾ ಓಡಾಡುವ ಮೇಷ್ಟರುಗಳು, ಸಂತೆಯವರು, ಕಬ್ಬಿಣದ ಟ್ರಂಕಿನ ಮೇಲೆ ಕುಳಿತ ಪಾತ್ರೆ ವ್ಯಾಪಾರಿ ಜಟ್ಟಪ್ಪ. ವನಜಮ್ಮ ಬುಟ್ಟಿ ಹೊತ್ತು, ಎಡಗೈಯಲ್ಲಿ ಮೇಲಿನ ಸರಳು ಹಿಡಿದು ನಿಂತಳು.

"ಕೆಳಗಿಡ್ರೀ ಅಮ್ಮ. ಬುಟ್ಟಿಗೇನು ನೆಲ ಕಚ್ಚತ್ತಾ?" ಎಂದ ಜಟ್ಟಪ್ಪ.

"ನೆಲ ಕಚ್ಚಲ್ಲ. ನಮ್ಮತ್ತೆ ಕಚ್ತಾಳೆ, ಸತ್ತು ಹತ್ತು ವರ್ಷ ಆದ್ರೂ."

ಗಾಡಿಗೆ ಗಾಡಿಯೇ ನಕ್ಕಿತು. ಆ ನಗು ಮುಗಿಯುವ ಮೊದಲೇ ಆಯಿತು ಅದು.

ಹಿಂದಿನ ಸಂಜೆಯ ಗಾಳಿಗೆ ತಿರುವಿನಲ್ಲೊಂದು ಮರ ಹಳಿಗೆ ಅಡ್ಡ ಬಿದ್ದಿತ್ತು. ಡ್ರೈವರು ಕಂಡ ಕೂಡಲೆ ಬ್ರೇಕು ಹಾಕಿದ. ಎಂಜಿನ್ನು ಮರಕ್ಕೆ ಮೂಗು ತಾಗಿಸಿ ನಿಂತಿತು. ಹಿಂದಿನ ಎರಡು ಡಬ್ಬಿಗಳು ಹಳಿ ಬಿಟ್ಟು ಪಕ್ಕದ ದಿಬ್ಬಕ್ಕೆ ಒರಗಿದವು. ಕುಳಿತಿದ್ದವರು ಗೋಣಿಚೀಲ ಸುರಿದಂತೆ ಒಬ್ಬರ ಮೇಲೊಬ್ಬರು ಬಿದ್ದರು. ವನಜಮ್ಮ ಬೀಳಲಿಲ್ಲ, ಬಾವಲಿಯ ಹಾಗೆ ಸರಳಿಗೆ ನೇತಾಡಿದಳು. ಎಡಭುಜದೊಳಗೆ ಏನೋ ಲಟಕ್ಕೆಂದಿತು. ಬಲಗೈ ಬುಟ್ಟಿಯನ್ನು ಬಿಟ್ಟಿರಲಿಲ್ಲ. ಕಾಲಿಗೆ ಸೀಟಿನ ಅಂಚು ಸಿಕ್ಕಿತು. ಅದನ್ನು ಮೆಟ್ಟಿ, ವಾರೆಯಾದ ಬಾಗಿಲಿನಿಂದ ಹೇಗೋ ಹೊರಗೆ ಜಾರಿ ದಿಬ್ಬದ ಮೇಲೆ ನಿಂತಳು. ಆಗಲೂ ಬುಟ್ಟಿ ತಲೆಯ ಮೇಲೆಯೇ.

ಹಿಂದಿನಿಂದ ಕೂಗು ಬಂತು. "ಅಕ್ಕಾ... ಕೈ ಕೊಡಕ್ಕಾ..."

ಜಟ್ಟಪ್ಪ ಬಾಗಿಲ ಹತ್ತಿರವೇ ಇದ್ದ. ಅವನದೇ ಟ್ರಂಕು ಎದೆಯ ಮೇಲೆ ಕುಳಿತಿತ್ತು. ಮುಖ ಕಪ್ಪಿಡುತ್ತಿತ್ತು. ವನಜಮ್ಮನ ಎಡಗೈ ಏಳಲೊಲ್ಲದು. ಉಳಿದದ್ದು ಒಂದೇ ಕೈ, ಅದು ಬುಟ್ಟಿ ಹಿಡಿದಿತ್ತು.

ಆಕೆ ಬುಟ್ಟಿಯನ್ನು ನೆಲಕ್ಕಿಟ್ಟಳು.

ಫುಟ್‌ಬೋರ್ಡಿಗೆ ಕಾಲು ಕೊಟ್ಟು ಟ್ರಂಕಿನ ಹಿಡಿಕೆ ಎಳೆದಳು, ಆಮೇಲೆ ಜಟ್ಟಪ್ಪನನ್ನೇ ಎಳೆದಳು. ಪಾತ್ರೆಗಳೆಲ್ಲ ಢಣಢಣ ಉರುಳಿದವು. ಅವನು ದಿಬ್ಬದ ಮೇಲೆ ಅಂಗಾತ ಮಲಗಿ ಉಸಿರೆಳೆದು ಮೊದಲು ಆಡಿದ ಮಾತು: "ಅಕ್ಕಾ, ನಿಮ್ಮತ್ತೆ?"

"ಅವಳ ಹತ್ರ ನಾನು ಮಾತಾಡ್ಕಂತೀನಿ. ನೀನು ಏಳು."

ಅಂದು ಯಾರೂ ಸಾಯಲಿಲ್ಲ. ಕೈಕಾಲು ಮುರಿದವರೇ ಬಹಳ. ಆದರೆ ಬುಟ್ಟಿಯ ಬಟ್ಟೆ ಸರಿದು, ಬಿಸಿಲಿಗೆ ಬಾಸಿಂಗದ ಜರಿ ಮಿಂಚುತ್ತಿತ್ತು. ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯವನು ಅದನ್ನು ಕಂಡ. ಆನಂದಪುರದಲ್ಲಿ ಲಾರಿ ನಿಲ್ಲಿಸಿ, "ಮದುವೆ ದಿಬ್ಬಣದ ರೈಲು ಉರುಳೈತಿ, ಬಾಸಿಂಗ ಮಣ್ಣಾಗೆ ಬಿದ್ದೈತಿ," ಎಂದ. ಅಲ್ಲಿ ಕೊಡೆ ಹಿಡಿದು ಕಾಯುತ್ತಿದ್ದವನು ಮದುಮಗಳ ಸೋದರಮಾವ ರಾಜಪ್ಪ. ಮುಂದಿನದನ್ನು ಕೇಳಲಿಲ್ಲ, ಗಂಡೇ ಹೋದನೆಂದು ಎದೆ ಬಡಿದುಕೊಂಡು ಶಿಕಾರಿಪುರದ ಬಸ್ಸು ಹತ್ತಿಬಿಟ್ಟ.

ಗಾಯಾಳುಗಳ ಲಾರಿಯಲ್ಲಿ ವನಜಮ್ಮ ಆನಂದಪುರಕ್ಕೆ ಬಂದಾಗ ಕೊಡೆಯೂ ಇಲ್ಲ, ರಾಜಪ್ಪನೂ ಇಲ್ಲ. ಚಹಾದಂಗಡಿಯವನು ನಡೆದದ್ದನ್ನು ಹೇಳಿದ. ಕಾಂಪೌಂಡರು ಭುಜಕ್ಕೆ ಪಟ್ಟಿ ಸುತ್ತಿ, "ಶಿವಮೊಗ್ಗದ ಆಸ್ಪತ್ರೆಗೆ ಹೋಗ್ಬೇಕು," ಎಂದ.

"ಕೈ ನಾಳೆಗೂ ಇಲ್ಲೇ ಇರತ್ತೆ. ಆ ಹುಡುಗಿ ಹೆಸರು ಇವತ್ತೇ ಕೆಡತ್ತೆ," ಎಂದು ಎದ್ದಳು.

ಶಿಕಾರಿಪುರದ ಬಸ್ಸಿನಲ್ಲಿ ಕಂಡಕ್ಟರು ಟಾಪಿನ ಕಡೆ ಕೈ ತೋರಿಸಿದ. ಕುಂಟುತ್ತ ಜೊತೆಗೆ ಬಂದಿದ್ದ ಜಟ್ಟಪ್ಪ, "ಮೊದ್ಲು ನನ್ನ ಹಾಕು ಟಾಪಿಗೆ, ಆಮೇಲೆ ಆ ಬುಟ್ಟಿ ಮುಟ್ಟು!" ಎಂದು ಗುಡುಗಿದ.

ಬೆನಕಪ್ಪನ ಮನೆಯ ಮುಂದೆ ಚಪ್ಪರದ ತೋರಣ ಬಿಚ್ಚುತ್ತಿದ್ದರು. ಹೊತ್ತು ಇಳಿಯುತ್ತಿತ್ತು; ಜಡೆಯವರು ಬಂದಿರಲಿಲ್ಲ. ಒಳಗೆ ಅಳು. ಜಗುಲಿಯ ಮೇಲೆ ಹೆಂಗಸರು, "ಕಾಲ್ಗುಣ ನೋಡ್ರೀ, ತಾಳಿ ಬೀಳೋ ಮೊದ್ಲೇ ನುಂಗಿದ್ಲು," ಎಂದು ಪಿಸುಗುಡುತ್ತಿದ್ದರು. ಮದುಮಗಳು ಬಂಗಾರಮ್ಮ ಅದನ್ನು ಕೇಳುತ್ತಲೇ ಕಂಬಕ್ಕೆ ಒರಗಿ ಕುಳಿತಿದ್ದಳು.

ಕೆದರಿದ ತಲೆ, ಕಟ್ಟಿದ ಕೈ, ತಲೆಯ ಮೇಲೆ ಬುಟ್ಟಿ. ವನಜಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು: "ಯಾರು ಸತ್ತಿದ್ದು ಇಲ್ಲಿ?"

"ನಮ್ಮ ಅಳಿಯ ರೀ... ರೈಲಿನಾಗ..." ಎಂದ ಬೆನಕಪ್ಪ.

"ಜಡೆಯಿಂದ ಶಿಕಾರಿಪುರಕ್ಕೆ ಯಾವನ್ರೀ ರೈಲಲ್ಲಿ ಬರ್ತಾನೆ? ನೆಟ್ಟಗೆ ಬಸ್ಸಿರುವಾಗ ಸಾಗರ ಸುತ್ತಿ ಬರೋ ಹುಚ್ಚಿ ಎರಡು ತಾಲೂಕಿಗೂ ನಾನೊಬ್ಳೇ! ಆ ಬಾಸಿಂಗ ಮಣ್ಣಲ್ಲಿಟ್ಟೋಳೂ ನಾನೇ."

ರಾಜಪ್ಪನೇ ಮೊದಲು ಹಣೆ ಚಚ್ಚಿಕೊಂಡ. "ಅಯ್ಯಯ್ಯ, ಹೌದಲ್ರೀ!"

ಅಲ್ಲಿಗೇ ಬಿಡಬಹುದಿತ್ತು. ವನಜಮ್ಮ ಬಿಡಲಿಲ್ಲ. "ಇನ್ನೊಂದು ಮಾತು. ಬಾಸಿಂಗ ನೆಲ ಮುಟ್ಟಿದೆ. ಒಂದು ಎಸಳೂ ಮುರಿದಿಲ್ಲ, ಆದ್ರೆ ಮುಟ್ಟಿದ್ದು ಮುಟ್ಟಿದ್ದೇ. ಈ ಮನುಷ್ಯನ್ನ ಎಳೆಯೋಕೆ ಇಟ್ಟೆ. ನಾಳೆ ಮತ್ತೆ ಹಂಗೇ ಆದ್ರೆ ಮತ್ತೆ ಇಡ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿ."

ಎಲ್ಲರೂ ಅಜ್ಜಿ ಮೂಕಮ್ಮನ ಮುಖ ನೋಡಿದರು. ಆ ಮನೆಯಲ್ಲಿ ಆಕೆಯದೇ ಕೊನೆಯ ಮಾತು. ಮುದುಕಿ ಬುಟ್ಟಿಯ ಬಟ್ಟೆ ಸರಿಸಿ, ಮೊಗ್ಗೊಂದನ್ನು ಬೆರಳಿನಿಂದ ಸವರಿದಳು.

"ಬೆಂಡು ಎಲ್ಲಿ ಬೆಳಿತೈತೆ?"

"ಕೆರೇಲಿ, ಅಜ್ಜಿ."

"ಕೆಸರಾಗೇ ಹುಟ್ಟಿದ್ದಕ್ಕೆ ಈಗೇನು ಹೊಸಾ ಮಣ್ಣು? ಬೆನಕಾ, ಮಣೆ ತಾರೋ. ತೋರಣ ಬಿಚ್ಚಿದೋರ ಕೈಲೇ ಮತ್ತೆ ಕಟ್ಟಿಸು."

ತೋರಣ ಅರ್ಧ ಏರುವಷ್ಟರಲ್ಲಿ ಜಡೆಯವರ ಬಸ್ಸು ಬಂತು. ದಾರಿಯಲ್ಲಿ ಟೈರು ಹೋಗಿತ್ತಂತೆ. ಗಂಡು ಇಳಿದ ಕೂಡಲೆ ಜಗುಲಿಯ ಹೆಂಗಸರೆಲ್ಲ ಎದ್ದು ಮೈಯೆಲ್ಲ ನೋಡಿದ್ದಕ್ಕೆ ಅವನು ನಾಚಿ ನೀರಾದ.

ವನಜಮ್ಮನ ಎಡಗೈ ಮತ್ತೆ ಕಿವಿಯಿಂದ ಮೇಲಕ್ಕೆ ಏರಲಿಲ್ಲ. ಬೆಂಡನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಕೊರೆಯುವುದನ್ನು ಕಲಿತಳು. ಶಿಕಾರಿಪುರದವರು ಬಿಡದೆ ಕರೆದರು. ಮರುವರ್ಷದ ಮದುವೆಗಳು ಮುಗಿಯುವ ಹೊತ್ತಿಗೆ ಮೂಕಮ್ಮ ಹೇಳಿ ಕಳಿಸಿದಳು: ನಮ್ಮ ಹೊರಗಿನ ಕೋಣೆ ಖಾಲಿ ಇದೆ, ಬಾಸಿಂಗ ಇಲ್ಲೇ ಕಟ್ಟು, ಹೊರುವುದೇ ಬೇಡ. ಮಾಸ್ತಪ್ಪ ಮೈಸೂರಿನಿಂದ ಕಾರ್ಡು ಬರೆದ: ನೀನು ಎಲ್ಲಿರುತ್ತೀಯೋ ಅಲ್ಲಿಗೇ ಬರುತ್ತೇನೆ, ದಾರಿ ಮಾತ್ರ ನಿನ್ನನ್ನು ಕೇಳುವುದಿಲ್ಲ.

ಹೊರಡುವ ಬೆಳಿಗ್ಗೆ ಬೀದಿಯೆಲ್ಲ ಸೇರಿತ್ತು. ಬುಟ್ಟಿಯಲ್ಲಿ ಅತ್ತೆಯ ಕತ್ತಿ, ಒಂದು ಕಟ್ಟು ಬೆಂಡು, ಅಫ್ಸರ್ ಬೇಗಂ ಮಗಳ ಮದುವೆಗೆಂದು ಆಗಲೇ ಸೀಳಿಟ್ಟ ಮೊಗ್ಗುಗಳು.

"ಶಿರಾಳಕೊಪ್ಪದ ಬಸ್ ನಿಂತಿದೆ, ಇವತ್ತಾದ್ರೂ ನೆಟ್ಟಗೆ ಹೋಗೆ," ಎಂದಳು ಅಫ್ಸರ್ ಬೇಗಂ, ಕಣ್ಣೊರೆಸಿಕೊಳ್ಳುತ್ತ.

"ರೈಲಲ್ಲೇ ಹೋಗ್ತೀನಿ. ಇಲ್ದಿದ್ರೆ ಹೆದರಿದ್ಲು ಅಂದ್ಕಳತ್ತೆ ಅದು."

ವನಜಮ್ಮ ಬೀಗ ಹಾಕಿದಳು. ಆಮೇಲೆ ಬುಟ್ಟಿಯನ್ನು ಬೀದಿಯ ಮಣ್ಣಿನ ಮೇಲೆ ತಾನೇ ಇಳಿಸಿ, ಒಂದೇ ಕೈಯಲ್ಲಿ ಅಫ್ಸರ್ ಬೇಗಂಳನ್ನು ಗಟ್ಟಿಯಾಗಿ ತಬ್ಬಿದಳು. ಮತ್ತೆ ಬುಟ್ಟಿ ತಲೆಗೇರಿಸಿಕೊಂಡು ಸಾಗರದ ಬಸ್ಸಿನ ಕಡೆ ನಡೆದಳು.