ಹೊಸಿಲಿನ ಆಚೆ ನಿಂತ ಹುಡುಗರು

ನಮ್ಮ ಮನೆಯ ಜಗಲಿಯ ಮೇಲೆ ಯಾರಿಗೂ ಊಟ ಬಡಿಸಬಾರದು ಎಂಬುದು ನನ್ನ ಗಂಡ ಮಾಡಿದ ಕಾನೂನು. ಹಾಸನದಲ್ಲಿ ಸೈಟು ತೆಗೆದು ಮನೆ ಕಟ್ಟಿಸುವಾಗ, ಜಗಲಿಯನ್ನು ಸ್ವಲ್ಪ ಅಗಲ ಮಾಡಿದರೆ ಕೆಲಸದವರಿಗೆ ಊಟ ಹಾಕಲು ಅನುಕೂಲ ಎಂದು ಮೇಸ್ತ್ರಿ ಬಾಯಿ ತಪ್ಪಿ ಹೇಳಿದ. ಈ ಮನುಷ್ಯ ಅರ್ಧ ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಹಾಲು ಹಾಕುವವನಿರಲಿ, ಗ್ಯಾಸ್ ಸಿಲಿಂಡರ್ ತರುವವನಿರಲಿ, ಏನಾದರೂ ಕುಡಿಯುವುದಾದರೆ ಒಳಗೆ ಬಂದು ಕುರ್ಚಿಯ ಮೇಲೆ ಕೂತೇ ಕುಡಿಯಬೇಕು. ಅವಸರದಲ್ಲಿ ಬಂದವರಿಗೆ ಇದೊಂದು ಹಿಂಸೆ. ನಾನೂ ಎಷ್ಟೋ ಸಲ ಗೊಣಗಿದ್ದೇನೆ.

ಹಾಗೆಂದು ಕಾರಣ ಗೊತ್ತಿಲ್ಲದ್ದೇನಲ್ಲ. ನಾನು ಹಳೇಕೋಟೆ ಕಡೆಯ ಒಂದು ಕೇರಿಯಲ್ಲಿ ಹುಟ್ಟಿದವಳು, ಅವರು ಅರಕಲಗೂಡಿನ ಕಡೆಯ ಕೇರಿಯವರು. ನಮ್ಮಪ್ಪ, ಅವರಪ್ಪ ಇಬ್ಬರೂ ಊರಿನ ದೊಡ್ಡ ಮನೆಗಳ ಜಗಲಿಯ ಅಂಚಿನಲ್ಲಿ ಕೂತು ಉಂಡು, ಉಂಡ ಜಾಗವನ್ನು ತಾವೇ ಸಗಣಿ ಹಾಕಿ ಸಾರಿಸಿ ಎದ್ದು ಬಂದವರು. ನೀರು ಬೇಕಾದರೆ ಬೊಗಸೆ ಒಡ್ಡಬೇಕಿತ್ತು. ತಂಬಿಗೆ ತಾಗದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೂ ಬುದ್ಧನ ದಾರಿಗೆ ಬಂದೆವು. ನಾನು ಹೊಳೆನರಸೀಪುರದಲ್ಲಿ ಟೀಚರ್ ಆಗಿದ್ದೆ, ಅವರು ಲೈನ್‌ಮನ್. ಇಬ್ಬರೂ ರಿಟೈರಾಗುವ ಹೊತ್ತಿಗೆ ಮನೆ ಇತ್ತು, ಮಗಳ ಮದುವೆಯೂ ಆಗಿತ್ತು.

ಪೇಟೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಈಗ ತಾನೇ ಕಾಫಿ ಆಯಿತು ಎನ್ನುತ್ತಾರೆ, ಇವತ್ತು ಉಪವಾಸ ಎನ್ನುತ್ತಾರೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಬಹಳ ಸಜ್ಜನರು. ನಾವು ಆ ಬೀದಿಗೆ ಬಂದಾಗಿನಿಂದ ಗೇಟಿನ ಹತ್ತಿರ ನಿಂತು ಪ್ರೀತಿಯಿಂದ ಮಾತಾಡಿಸುತ್ತಾರೆ. ಒಳಗೆ ಬನ್ನಿ ಎಂದರೆ ಮಾತ್ರ ಅವರಿಗೆ ಮಂಡಿ ನೋವು ಶುರುವಾಗುತ್ತದೆ. ನಮ್ಮ ಮನೆಗೆ ಇರುವುದು ಎರಡೇ ಮೆಟ್ಟಿಲು.

ಆ ಹುಡುಗರು ನಮ್ಮ ಮನೆಗೆ ಬಂದದ್ದು ಫ್ಯೂಸಿನ ದೆಸೆಯಿಂದ. ಹಿಂದಿನ ಬೀದಿಯ ಮಹಡಿ ರೂಮಿಗೆ ಇಬ್ಬರು ಹುಡುಗರು ಬಾಡಿಗೆಗೆ ಬಂದಿದ್ದರು. ಒಬ್ಬ ಅಮೆರಿಕದವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಇನ್ನೊಬ್ಬ ಆಂಧ್ರದವನು, ಸಣಕಲ. ಬಿಸಿಲಿರಲಿ ಮಳೆಯಿರಲಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಒಂದು ಸಂಜೆ ರೂಮಿನಲ್ಲಿ ಕರೆಂಟು ಹೋಗಿ, ಮನೆ ಮಾಲೀಕ ನನ್ನ ಗಂಡನನ್ನು ಕರೆದ. ಇವರು ಫ್ಯೂಸು ಹಾಕಿ ಬರುವಾಗ ಇಬ್ಬರನ್ನೂ ಜೊತೆಗೇ ಕರೆದುಕೊಂಡು ಬಂದರು. ಯಾರೇ ಒಬ್ಬಂಟಿ ಹುಡುಗರು ಕಂಡರೂ ನನ್ನ ಗಂಡನಿಗೆ ಅವರ ಊಟದ ಚಿಂತೆ.

ನಾನು ಕಾಫಿ ತಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇಡ ಎಂದರು. ನನ್ನ ಗಂಡನ ಮುಖ ಇಳಿದುಹೋಯಿತು. ಟ್ರೇ ಹಿಡಿದು ನಾನು ಹಾಗೇ ನಿಂತಿದ್ದೆ. ಅಷ್ಟರಲ್ಲಿ ಅಮೆರಿಕದವನು ನೀರು ಕೇಳಿದ. ಕೊಟ್ಟ ಚೊಂಬನ್ನು ಕಚ್ಚಿಯೇ ಕುಡಿದು, ಇನ್ನೂ ಬೇಕು ಎಂದ. ಆಮೇಲೆ ಗೊತ್ತಾಯಿತು, ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು, ಅವರಲ್ಲಿ ಕಾಫಿ, ಟೀ ನಿಷಿದ್ಧ ಎಂದು. ಕಾಫಿ ಬೆಳೆಯುವ ಜಿಲ್ಲೆಗೆ ಇಂಥವರನ್ನು ಕಳಿಸಿದವರು ಯಾರಪ್ಪ ಎಂದು ನನ್ನ ಗಂಡ ಆ ರಾತ್ರಿ ಮಲಗುವವರೆಗೂ ನಗುತ್ತಿದ್ದರು. ಅಷ್ಟು ನೆಮ್ಮದಿಯಾಗಿತ್ತು ಅವರಿಗೆ.

ಆ ಬಿಲ್ಲೆಯ ಮೇಲೆ ಹೆಸರಿಗೆ ಮೊದಲು ಹಿರಿಯ ಎಂಬರ್ಥದ ಇಂಗ್ಲಿಷ್ ಪದವಿತ್ತು. ಇನ್ನೂ ಸರಿಯಾಗಿ ಮೀಸೆ ಬರದವರು ಅದೆಂಥ ಹಿರಿಯರು ಎಂದು ಇವರು ರೇಗಿಸುತ್ತಿದ್ದರು. ಅವರ ನಿಯಮಗಳೋ, ಬೇಕಾದಷ್ಟಿದ್ದವು. ಸೇವೆಗೆಂದು ಎರಡು ವರ್ಷ ಮನೆ ಬಿಟ್ಟಿರಬೇಕು. ಎಲ್ಲಿಗೆ ಹೋದರೂ ಇಬ್ಬರೂ ಜೊತೆಗೇ ಹೋಗಬೇಕು. ಕರೆಯದೆ ಯಾರ ಮನೆಗೂ ಹೋಗಿ ಧರ್ಮದ ಮಾತು ಆಡುವ ಹಾಗಿಲ್ಲ. ವಾರಕ್ಕೊಮ್ಮೆ ಮನೆಗೆ ಫೋನು. ಸೋಮವಾರ ಬಿಡುವು. ಆ ದಿನ ಬಟ್ಟೆ ಒಗೆದು, ರೂಮು ಗುಡಿಸಿ, ಬೀದಿಯ ಮಕ್ಕಳ ಜೊತೆ ಕ್ರಿಕೆಟ್ ಆಡಿ, ಸಂಜೆ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಧರ್ಮದ ಮಾತು ಒಂದೇ ಒಂದು ಸಲ ಬಂತು. ಆಗ ನನ್ನ ಗಂಡ, ಒಂದು ಸಲ ಹೊಳೆ ದಾಟಿ ಬಂದಿದ್ದೀವಿ, ಈ ವಯಸ್ಸಿನಲ್ಲಿ ಇನ್ನೊಂದು ಹೊಳೆ ಆಗುವುದಿಲ್ಲ ಎಂದು ಕೈ ಮುಗಿದರು. ಹುಡುಗರೂ ನಕ್ಕು ಮುದ್ದೆಗೆ ಕೈ ಹಾಕಿದರು. ಅಮೆರಿಕದವನು ಮೊದಮೊದಲು ಮುದ್ದೆಯನ್ನು ಅಗಿಯುತ್ತಿದ್ದ. ನುಂಗುವುದನ್ನು ಕಲಿತ ದಿನ ಅಂಗಳಕ್ಕೆ ಹೋಗಿ ಕುಣಿದುಬಿಟ್ಟ.

ಕನ್ನಡವನ್ನು ಅವನು ನನ್ನಿಂದ ಕಲಿಯಲಿಲ್ಲ ಎಂಬುದು ನನಗಿನ್ನೂ ಹೊಟ್ಟೆಕಿಚ್ಚು. ಬದುಕೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು, ಇವನು ಕಲಿತದ್ದು ಲೈನ್‌ಮನ್ ಕನ್ನಡ. ನನ್ನ ಗಂಡನನ್ನು ಸಾ ಎನ್ನುತ್ತಿದ್ದ, ನನ್ನನ್ನು ಅವ್ವಾ ಎನ್ನುತ್ತಿದ್ದ. ಬತ್ತೀನಿ, ಓಯ್ತೀನಿ ಎಂದು ಆ ಬಿಳಿ ಹುಡುಗ ಹೇಳುವುದನ್ನು ಕೇಳಲೆಂದೇ ತರಕಾರಿ ಗಾಡಿಯವರು ಅವನನ್ನು ನಿಲ್ಲಿಸಿಕೊಳ್ಳುತ್ತಿದ್ದರು.

ಅವನ ಅಪ್ಪನದು ಆಲೂಗಡ್ಡೆ ಬೇಸಾಯವಂತೆ. ಇದು ತಿಳಿದ ಮೇಲೆ ನನ್ನ ಗಂಡನನ್ನು ಹಿಡಿಯುವವರಿಲ್ಲ. ಬಿತ್ತನೆ ಶುರುವಾದ ಒಂದು ಸೋಮವಾರ ಎಲ್ಲರನ್ನೂ ಬಸ್ಸು ಹತ್ತಿಸಿ ಶಾಂತಿಗ್ರಾಮದ ಹತ್ತಿರ ನೆಂಟರ ಹೊಲಕ್ಕೆ ಕರೆದುಕೊಂಡು ಹೋದರು. ಹೆಂಗಸರು ಬೀಜದ ಗಡ್ಡೆ ಕೊಯ್ಯುತ್ತ ಕೂತಿದ್ದರು. ಹುಡುಗ ಟೈ ತೆಗೆದು ಜೇಬಿಗೆ ತುರುಕಿ, ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪ್ರತಿ ಹೋಳಿಗೂ ಮೊಳಕೆಯ ಕಣ್ಣು ಉಳಿಯುವ ಹಾಗೆ ಸರಸರ ಕೊಯ್ದ. ಫೋನಿನಲ್ಲಿ ಅವರಮ್ಮನಿಗೆ ಹೊಲ ತೋರಿಸಿದ. ಆಯಮ್ಮ ಅಲ್ಲಿ ಅಳುವುದಕ್ಕೆ ಶುರುಮಾಡಿದರು. ನನ್ನ ಗಂಡ ಫೋನು ಇಸಿದುಕೊಂಡು, ಹೊಟ್ಟೆ ತುಂಬ ಊಟ ಹಾಕ್ತೀವಿ ಕಣಮ್ಮ, ಅಳಬ್ಯಾಡ ಎಂದು ಕನ್ನಡದಲ್ಲೇ ಹೇಳಿದರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಮತ್ತೆ ನೋಡಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಲು ಇಟ್ಟು, ಎದೆ ಒತ್ತಿದ ಹಾಗಾಗುತ್ತಿದೆ ಎಂದು ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ಸುದ್ದಿ ತಿಳಿದು ಹುಡುಗರು ಓಡಿ ಬಂದರು. ನಮ್ಮ ಗಂಡಸರ ಜೊತೆ ಹೆಗಲು ಕೊಟ್ಟರು, ಮಣ್ಣಿಗೂ ಬಂದರು. ಹನ್ನೊಂದನೇ ದಿನ ಬುದ್ಧವಂದನೆ ಮುಗಿದ ಮೇಲೆ ನಡುಮನೆಯಲ್ಲಿ ನೆಂಟರ ಸಾಲಿನಲ್ಲೇ ಕೂತು ಉಂಡರು. ಎದುರು ಮನೆಯ ಮೇಷ್ಟ್ರು ಗೇಟಿನವರೆಗೆ ಬಂದು ಕಣ್ಣೊರೆಸಿಕೊಂಡು ಹೋದರು.

ನೆಂಟರೆಲ್ಲ ಹೊರಟ ಮೇಲೆ ಮೊದಲ ಸೋಮವಾರ ಬಂತು. ಮನೆಯಲ್ಲಿ ಆಗ ಮನುಷ್ಯರ ದನಿ ಎಂದರೆ ಟಿವಿಯದು ಮಾತ್ರ. ಸಂಜೆಯಾಗುವುದನ್ನೇ ಕಾದಿದ್ದು, ಸಾರು ಮಾಡಿ, ಹುಡುಗರಿಗೆ ಎಂದು ಎರಡು ತಟ್ಟೆ ತೊಳೆದಿಟ್ಟೆ. ಗೇಟು ಸದ್ದಾಯಿತು. ಹುಡುಗರು ಜಗಲಿ ಹತ್ತಿ ಬಂದರು, ಬಾಗಿಲ ಹತ್ತಿರ ನಿಂತುಬಿಟ್ಟರು. ಬನ್ನಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇಲ್ಲೇ ಇರ್ತೀವಿ ಅವ್ವಾ,” ಎಂದ ಅಮೆರಿಕದವನು.

ಆ ಮಾತಿನ ರುಚಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಯಾರೋ ಇವರ ಕಿವಿಗೂ ಊದಿದರು ಎಂದುಕೊಂಡೆ. ಇಷ್ಟು ದಿನ ಗೊತ್ತಿಲ್ಲದೆ ಉಂಡರು, ಈಗ ಗೊತ್ತಾಗಿದೆ. ಹನ್ನೊಂದನೇ ದಿನ ನಮ್ಮ ನೆಂಟರ ಮಾತುಕತೆ ಕೇಳಿಯೇ ತಿಳಿಯಿತೋ ಏನೋ. ಸರಿಯಪ್ಪ, ಒಳ್ಳೆಯದಾಗಲಿ ಎಂದು ಬಾಗಿಲು ಹಾಕಿಕೊಂಡೆ. ಸಾರನ್ನು ಸಿಂಕಿಗೆ ಸುರಿದು, ನೆಲದ ಮೇಲೆ ಕೂತು ಅತ್ತೆ. ಸತ್ತವರ ಮೇಲೂ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತು, ಹೋಗಲಿ ಬಿಡೇ ಎನ್ನಬೇಕಾದವರೇ ಇರಲಿಲ್ಲ.

ಮತ್ತೆ ಹುಡುಗರು ಬಂದಾಗ ಬಾಗಿಲು ತೆಗೆಯಲಿಲ್ಲ. ಆಂಧ್ರದ ಹುಡುಗ ಕಿಟಕಿಯ ಹತ್ತಿರ ಬಂದ. ಅವನದೂ ಅಲ್ಲಿಯ ಒಂದು ಕೇರಿಯೇ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವನಿಗೆ ನನ್ನ ಮನಸ್ಸಿನಲ್ಲಿ ಏನಿದೆ ಎಂಬುದು ಹೊಳೆದಿತ್ತು. ನಮ್ಮಜ್ಜಿಯೂ ಹೀಗೇ ಬಾಗಿಲು ಹಾಕಿಕೊಳ್ಳುತ್ತಿದ್ದಳು ಎಂದು ಶುರುಮಾಡಿ, ತನ್ನ ಮುರುಕು ಕನ್ನಡದಲ್ಲಿ ಬಿಡಿಸಿ ಹೇಳಿದ. ಅವರ ನಿಯಮಗಳಲ್ಲಿ ಇದೂ ಒಂದು, ಮನೆಯಲ್ಲಿ ಹೆಂಗಸು ಒಬ್ಬಳೇ ಇದ್ದರೆ ಅವರು ಒಳಗೆ ಹೋಗುವ ಹಾಗಿಲ್ಲ. ದೊಡ್ಡ ಗಂಡಸರು ಒಬ್ಬರಾದರೂ ಇರಬೇಕು. ಹುಡುಗಿಗೂ ಅದೇ, ಮುದುಕಿಗೂ ಅದೇ.

“ಸಾ ಇದ್ದಾಗ ಬರ್ತಿದ್ವಿ,” ಎಂದ. “ಈಗ ಸಾ ಇಲ್ಲ ಅವ್ವಾ.”

ನನಗೆ ನಗು ಬಂತು, ಅಳುವೂ ಬಂತು. ಅಜ್ಜಿಯಾದವಳಿಗೆ ಇದೆಂಥ ಮರ್ಯಾದೆಯೋ ಎಂದೆ. ಆದರೆ ಆ ಮಾತು ಒಳಗೆ ನಾಟಿತು. ಮಣ್ಣು ಹಾಕಿ ಬಂದಾಗ, ಅವರ ಅಂಗಿಗಳನ್ನು ಯಾರಿಗೋ ಕೊಟ್ಟಾಗ ತಿಳಿಯದ್ದು ಆವತ್ತು ಕಿಟಕಿಯ ಸರಳಿನ ಹಿಂದೆ ನಿಂತು ತಿಳಿಯಿತು. ಅವರು ಇಲ್ಲ. ಅವರಿಲ್ಲದ ಮನೆಗೆ ಅವರು ಕರೆದುಕೊಂಡು ಬಂದ ಮಕ್ಕಳೂ ಬರುವುದಿಲ್ಲ.

ಆಮೇಲೆ ಹುಡುಗರು ದಿನಾ ಬಂದರು, ಹೊರಗೇ ನಿಂತರು. ಗಿಡಗಳಿಗೆ ನೀರು ಹಾಕಿದರು, ಗೇಟಿಗೆ ಬಣ್ಣ ಬಳಿದರು, ಸಿಲಿಂಡರನ್ನು ಹೊಸಿಲಿನವರೆಗೆ ಹೊತ್ತು ತಂದಿಟ್ಟರು. ಊಟಕ್ಕೆ ಮಾತ್ರ ದಾರಿಯಿರಲಿಲ್ಲ. ಒಳಗೆ ಅವರು ಬರುವ ಹಾಗಿಲ್ಲ, ಹೊರಗೆ ನಾನು ಬಡಿಸುವ ಹಾಗಿಲ್ಲ. ಜಗಲಿಯ ಕಥೆಯನ್ನು ನನ್ನ ಗಂಡ ಶಾಂತಿಗ್ರಾಮದ ಬಸ್ಸಿನಲ್ಲೇ ಹುಡುಗರಿಗೆ ಹೇಳಿದ್ದರಂತೆ.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಅಮೆರಿಕದವನ ಎರಡು ವರ್ಷ ಮುಗಿಯಿತು. ಆಂಧ್ರದವನಿಗೂ ಬೇರೆ ಊರು ಗೊತ್ತಾಯಿತು. ಇಬ್ಬರೂ ಒಂದೇ ದಿನ ಬೆಂಗಳೂರಿಗೆ ಹೊರಡುವುದು. ಹೋಗುವ ಮುಂಚೆ ಒಂದು ಹೊತ್ತು, ನನ್ನ ಗಂಡ ಉಣ್ಣುತ್ತಿದ್ದ ಜಾಗದಲ್ಲಿ, ಆ ನಡುಮನೆಯಲ್ಲಿ ಹುಡುಗರಿಗೆ ಬಡಿಸಬೇಕು. ನನಗೆ ಬೇರೆ ಆಸೆ ಏನೂ ಇರಲಿಲ್ಲ. ಅದಕ್ಕೆ ಒಬ್ಬ ಗಂಡಸು ಬೇಕಿತ್ತು. ಎದುರು ಮನೆಯ ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಕೇಳಲು ಗೇಟಿನವರೆಗೆ ಹೋಗಿ ವಾಪಸು ಬಂದೆ. ಇನ್ನೊಂದು ಸಲ ಆ ಮಂಡಿ ನೋವು ಕೇಳುವ ಶಕ್ತಿ ಇರಲಿಲ್ಲ.

ಅಳಿಯನಿಗೆ ಫೋನು ಮಾಡಿದೆ. ಅರಕಲಗೂಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ, ಮಗಳಿಗಿಂತ ಅವನೇ ನನ್ನ ಮಾತು ಕೇಳುವವನು. ಬೆಳಿಗ್ಗೆ ಒಂದು ಮದುವೆ ಇದೆ, ಮುಹೂರ್ತ ಮುಗಿಸಿಕೊಂಡು ಮಧ್ಯಾಹ್ನಕ್ಕೆ ಬತ್ತೀನಿ ಕಣತ್ತೆ, ಅಡಿಗೆ ಮಾಡಿರಿ ಎಂದ. ಹಿಂದಿನ ಸಂಜೆಯೇ ಕಾಳು ಹಿಚುಕಿ ಇಟ್ಟೆ. ಬೆಳಿಗ್ಗೆ ಹಿತಕಿದ ಬೇಳೆ ಸಾರು, ಆಲೂಗಡ್ಡೆ ಪಲ್ಯ, ಅನ್ನ. ಮುದ್ದೆಗೆ ಎಸರಿಟ್ಟೆ.

ಹುಡುಗರು ಪೆಟ್ಟಿಗೆ ಸಮೇತ ಬಂದು ಅಂಗಳದಲ್ಲಿ ನಿಂತರು. ಅಳಿಯ ಬರಲಿಲ್ಲ. ಫೋನು ಮಾಡಿದರೆ, ಹೆಣ್ಣಿನ ಕಡೆಯವರು ಇನ್ನೊಂದು ಫೋಟೋ, ಇನ್ನೊಂದು ಫೋಟೋ ಎಂದು ಬಿಡುತ್ತಿಲ್ಲವಂತೆ. ಆಮೇಲೆ ಹೊರಟೆ ಎಂದ. ಆಮೇಲೆ ಫೋನು ಎತ್ತಲಿಲ್ಲ, ಬೈಕಿನ ಮೇಲಿರಬೇಕು. ಪಲ್ಯ ಆರಿತು. ಅವರ ಬಸ್ಸಿನ ಹೊತ್ತಾಗುತ್ತ ಬಂತು. ಆಂಧ್ರದ ಹುಡುಗ ಬೀದಿಯ ತಿರುವಿನವರೆಗೆ ಹೋಗಿ ನೋಡಿ ಬಂದ.

ಕೊನೆಗೆ ನಾನೇ ಸೋತೆ. ಎರಡು ಬಾಳೆಲೆ ಹಿಡಿದುಕೊಂಡು ಜಗಲಿಗೆ ಬಂದೆ. ಬಗ್ಗಿ ಹಾಸಲು ಹೋದೆ. ಅಮೆರಿಕದವನು ಎಲೆಯ ತುದಿ ಹಿಡಿದುಕೊಂಡ.

“ಬ್ಯಾಡ ಅವ್ವಾ. ಸಾ ಬಯ್ತಾರೆ.”

ನಾನು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದೆ. ಆಮೇಲೆ ಒಂದು ಬೋಗುಣಿಗೆ ಅನ್ನ, ಸಾರು, ತುಪ್ಪ ಹಾಕಿ ಕಲಸಿದೆ, ಮೇಲೆ ಪಲ್ಯ ಇಟ್ಟುಕೊಂಡೆ. ಹೊಸಿಲಿನ ಒಳಗೆ ನಾನು ನಿಂತೆ. ಹೊರಗೆ ಅವರಿಬ್ಬರನ್ನೂ ನಿಲ್ಲಿಸಿದೆ. ಹೊಸಿಲಿನ ಆಚೆ ಈಚೆ ನಿಂತು ಏನನ್ನೂ ಕೊಡಬಾರದು ಎನ್ನುತ್ತಿದ್ದಳು ನಮ್ಮವ್ವ. ಆ ಹುಡುಗರ ಕಾನೂನು ಉಳಿಯಿತು, ನನ್ನ ಗಂಡನದೂ ಉಳಿಯಿತು, ಮುರಿದದ್ದು ನಮ್ಮವ್ವನದೊಂದೇ.

ಕೈ ಒಡ್ಡಿ ಎಂದೆ. ಇಬ್ಬರೂ ಬೊಗಸೆ ಒಡ್ಡಿದರು. ಆ ಬೊಗಸೆಗಳನ್ನು ನೋಡಿ ನನಗೆ ನಮ್ಮಪ್ಪ ನೆನಪಾದ. ನಾನು ಮೇಲಿನಿಂದ ಹಾಕಲಿಲ್ಲ. ಬೋಗುಣಿಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಒಬ್ಬೊಬ್ಬನ ಕೈಯನ್ನೂ ಎಡಗೈಯಲ್ಲಿ ಹಿಡಿದು, ತುತ್ತನ್ನು ಅಂಗೈಗೆ ಒತ್ತಿ ಇಟ್ಟೆ. ಅವನಿಗೊಂದು, ಇವನಿಗೊಂದು, ಬೋಗುಣಿಯ ತಳ ಕಾಣುವವರೆಗೂ. ಎದುರು ಮನೆಯಲ್ಲಿ ಪೇಪರ್ ಮಡಿಸಿದ ಸದ್ದು ಕೇಳಿಸಿತು. ಅಮೆರಿಕದ ಹುಡುಗ ನುಂಗುತ್ತಿದ್ದದ್ದು ಅನ್ನವೋ ಅಳುವೋ, ಮುಖ ಕೆಂಪಗಾಗಿತ್ತು. ಕೈ ತೊಳೆದುಕೊಂಡು, ಓಗ್ಬತ್ತೀನಿ ಅವ್ವಾ ಎಂದ. ಹೋಗಿ ಬಾ ಎಂದೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಟೋ ತಿರುವು ದಾಟಿ ಸ್ವಲ್ಪ ಹೊತ್ತಿಗೇ ಅಳಿಯನ ಬೈಕು ಬಂತು. ಕ್ಯಾಮೆರಾ ಬ್ಯಾಗನ್ನು ಮೂಲೆಗಿಟ್ಟು, ತಡವಾಗ್ಬುಡ್ತು ಅತ್ತೆ ಎಂದು ತಲೆ ಕೆರೆದುಕೊಂಡ. ಅವನನ್ನು ಬಯ್ಯಲು ಬಾಯಿ ಬರಲಿಲ್ಲ, ಬೆಳಿಗ್ಗೆಯಿಂದ ಅವನೂ ಉಂಡಿರಲಿಲ್ಲ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸಾರು ಬಿಸಿ ಮಾಡಿ, ಮುದ್ದೆ ಕಟ್ಟಿ, ನಡುಮನೆಯಲ್ಲಿ ಎಲೆ ಹಾಕಿದೆ. ಬೇಕೆಂದೋ ತಿಳಿಯದೆಯೋ, ತನ್ನ ಮಾವ ಕೂರುತ್ತಿದ್ದ ಜಾಗದಲ್ಲೇ ಕೂತ. ಮನೆಯಲ್ಲಿ ಈಗ ಒಬ್ಬ ಗಂಡಸು ಇದ್ದ.

ಅವನಿಗೆ ಎರಡನೇ ಸಲ ಸಾರು ಬಡಿಸುವಾಗ ಫೋನು ಬಂತು. ಅಮೆರಿಕದವನು. ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಿತ್ತು, ಹಿಂದೆ ಕಡಲೆಕಾಯಿ ಮಾರುವವರ ಕೂಗು ಕೇಳುತ್ತಿತ್ತು. ನೀವು ಊಟ ಮಾಡಿದಿರಾ ಎಂದು ಕೇಳಿದ. ಆಯಿತು ಎಂದೆ. ಅಳಿಯ ಬಂದರೇ ಎಂದ. ಇನ್ನಷ್ಟು ಕಾದು ಮುಂದಿನ ಬಸ್ಸಿಗೆ ಹೋಗಬಹುದಿತ್ತು ಎಂಬ ಕೊರಗು ಅವನ ದನಿಯಲ್ಲಿತ್ತು.

“ಇಲ್ಲ ಕಣಪ್ಪ,” ಎಂದೆ. “ಇವತ್ತು ಬರೋಕೇ ಆಗಲ್ವಂತೆ.”

ಅನ್ನ ಕಲಸುತ್ತಿದ್ದ ಅಳಿಯ ಕೈ ನಿಲ್ಲಿಸಿ ನನ್ನ ಮುಖ ನೋಡಿದ.